ಕ್ರೋನೋಗ್ರಾಫ್ ರೀಡಿಂಗ್ ಕುಣಿಯುತ್ತಿದೆ: ರೈಫಲ್ ಕೆಟ್ಟಿದೆಯೋ, ಮೆಷಿನ್ ಕೆಟ್ಟಿದೆಯೋ?

ಕೌಲ್‌ಬಜಾರ್_ಶೂಟರ್ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. 10 ಮೀಟರ್ ಏರ್ ರೈಫಲ್ ಹೊಡೆಯೋರು ಯಾರಾದರೂ ಇದ್ದರೆ ಸ್ವಲ್ಪ ಇದನ್ನ ನೋಡಿ.

ನನ್ನ ಹತ್ತಿರ ಇರೋದು ಸೆಕೆಂಡ್ ಹ್ಯಾಂಡ್ ಮ್ಯಾಚ್ ರೈಫಲ್. 200 ಬಾರ್ ಒತ್ತಡದ ಗಾಳಿ ಸಿಲಿಂಡರ್, ಒತ್ತಡ ಒಂದೇ ಸಮ ಇಡೋ ರೆಗ್ಯುಲೇಟರ್ ಇರುವಂಥದ್ದು. ಈಚೆಗೆ ಗ್ರೂಪ್ (ಟಾರ್ಗೆಟ್ ಮೇಲಿನ ತೂತುಗಳ ಗುಂಪು) ಮೇಲಿಂದ ಕೆಳಕ್ಕೆ ಉದ್ದ ಆಗುತ್ತಿದೆ. ಎಡ ಬಲ ಏನೂ ತೊಂದರೆ ಇಲ್ಲ, ಬರೀ ಎತ್ತರದಲ್ಲೇ ಹರಡುತ್ತದೆ. 5 ಶಾಟ್ ಹಾಕಿದರೆ ಮೇಲಿನ ತೂತಿಗೂ ಕೆಳಗಿನ ತೂತಿಗೂ ನಡುವೆ 6 ಮಿ.ಮೀ ಬರುತ್ತೆ. ಕೋಚ್ ಕೇಳಿದರೆ "ನಿನ್ನ ಉಸಿರು ಸರಿ ಇಲ್ಲ, ರೈಫಲ್ ಸುದ್ದಿ ಬಿಡು" ಅಂತಾರೆ. ಪಕ್ಕದ ಲೇನ್‌ನವರು "ರೆಗ್ಯುಲೇಟರ್ ಹೋಗಿದೆ, ಸರ್ವಿಸ್‌ಗೆ ಕಳಿಸು" ಅಂತಾರೆ. ಕಳಿಸಿದರೆ ಅಷ್ಟು ದಿನ ರೈಫಲ್ ಇಲ್ಲದೆ ಕೂರಬೇಕು, ಖರ್ಚು ಬೇರೆ. ಅದಕ್ಕೇ ಮೊದಲು ವೇಗ ಅಳೆದು ನೋಡೋಣ ಅಂತ ಪರಿಚಯದವರ ಹತ್ತಿರ ಒಂದು ಕ್ರೋನೋಗ್ರಾಫ್ ಇಸ್ಕೊಂಡು ಬಂದೆ. ಎರಡು ಸೆನ್ಸರ್ ಇರೋ ಹಳೇ ಮಾದರಿ, ಮೇಲೆ ಕಂಬಿ ನಿಲ್ಲಿಸಿ ಬಿಳಿ ಪ್ಲಾಸ್ಟಿಕ್ ತಟ್ಟೆ ಸಿಕ್ಕಿಸ್ತಾರಲ್ಲ, ಅದು.

ನಮ್ಮ ರೇಂಜ್ ಅಂದರೆ ತಗಡಿನ ಶೆಡ್, ಒಳಗೆ ಸಾಲಾಗಿ ಟ್ಯೂಬ್‌ಲೈಟ್. ಬ್ಯಾರಲ್ ತುದಿಯಿಂದ ಒಂದು ಅಡಿ ಮುಂದೆ ಟ್ರೈಪಾಡ್ ಮೇಲೆ ಇಟ್ಟು, ನಿಂತುಕೊಂಡೇ ಹೊಡೆದೆ. ರೀಡಿಂಗ್ ಹೀಗೆ ಬಂತು, ಎಲ್ಲಾ ಮೀಟರ್ ಪ್ರತಿ ಸೆಕೆಂಡಿಗೆ: 171, 169, 203, ಎರರ್, 170, 88, 172, ಎರರ್, ಎರರ್, 166.

203 ಹೇಗೆ ಬರುತ್ತೆ? 88 ಹೇಗೆ ಬರುತ್ತೆ? 88 ನಿಜ ಆಗಿದ್ದರೆ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಟಾರ್ಗೆಟ್‌ನಲ್ಲಿ ತುಂಬಾ ಕೆಳಗೆ ಬೀಳಬೇಕಿತ್ತು, ಆದರೆ ಅದು ಒಂಬತ್ತರ ರಿಂಗ್‌ನಲ್ಲೇ ಇತ್ತು. ಆಮೇಲೆ ಬಿಸಿಲಲ್ಲಿ ಚೆನ್ನಾಗಿ ಬೆಳಕು ಇರುತ್ತೆ ಅಂತ ಮಧ್ಯಾಹ್ನ ರೇಂಜ್‌ನವರನ್ನ ಕೇಳಿ ಹಿಂದಿನ ಕಾಂಪೌಂಡ್‌ನಲ್ಲಿ ಮಣ್ಣಿನ ದಿಬ್ಬದ ಕಡೆಗೆ ಹೊಡೆದು ನೋಡಿದೆ. ಅಲ್ಲಂತೂ ಮುಕ್ಕಾಲು ಪಾಲು ಎರರ್.

ಇನ್ನೊಂದು ಪ್ರಶ್ನೆ. ಚಿಕ್ಕಪ್ಪನ ಮಗ ಒಂದು ಸ್ಪ್ರಿಂಗ್ ರೈಫಲ್ ತಗೊಂಡಿದ್ದಾನೆ, ಬಾಕ್ಸ್ ಮೇಲೆ 1000 ಎಫ್‌ಪಿಎಸ್ (ಸೆಕೆಂಡಿಗೆ ಇಷ್ಟು ಅಡಿ) ಅಂತ ದೊಡ್ಡದಾಗಿ ಹಾಕಿದ್ದಾರೆ. ಲೈಸೆನ್ಸ್ ಬೇಡ ಅಂದರೆ ಪೆಲೆಟ್‌ನ ಶಕ್ತಿ 20 ಜೂಲ್ ಒಳಗೆ ಇರಬೇಕಂತಲ್ಲ, ಇದು ಅದನ್ನ ದಾಟುತ್ತಾ? ಲೆಕ್ಕ ಹೇಗೆ ಹಾಕೋದು?

---

ಮೀಟರ್_ಮಲ್ಲಣ್ಣ (ತೋರಣಗಲ್ಲು)

ತಮ್ಮಾ, ಮೊದಲು ಆ ಟ್ಯೂಬ್‌ಲೈಟ್ ಆರಿಸು. ಅರ್ಧ ಕಾಯಿಲೆ ಅಲ್ಲೇ ಇದೆ.

ನಾನು ಕೆಲಸದಲ್ಲಿ ದಿನಾ ನೋಡೋದೇ ಸೆನ್ಸರ್‌ಗಳನ್ನ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡ. ಈ ಮೆಷಿನ್ ಪೆಲೆಟ್‌ನ ನೋಡೋದಿಲ್ಲ, ಪೆಲೆಟ್‌ನ ನೆರಳನ್ನ ನೋಡುತ್ತೆ. ಮೇಲಿರೋ ಬಿಳಿ ತಟ್ಟೆಯಿಂದ ಬೆಳಕು ಒಂದೇ ಸಮ ಕೆಳಗೆ ಬರ್ತಾ ಇರುತ್ತೆ. ಪೆಲೆಟ್ ಮೊದಲ ಸೆನ್ಸರ್ ಮೇಲೆ ಹಾದಾಗ ಬೆಳಕು ಒಂದು ಚೂರು ಕಮ್ಮಿ ಆಗುತ್ತೆ, ಗಡಿಯಾರ ಶುರು. ಎರಡನೇದರ ಮೇಲೆ ಹಾದಾಗ ಮತ್ತೆ ಕಮ್ಮಿ ಆಗುತ್ತೆ, ಗಡಿಯಾರ ಬಂದ್. ನಡುವಿನ ದೂರವನ್ನ ಆ ಸಮಯದಿಂದ ಭಾಗಿಸಿದರೆ ವೇಗ. ಇಷ್ಟೇ ಇರೋದು ಒಳಗೆ.

ಈಗ ಟ್ಯೂಬ್‌ಲೈಟ್ ಏನು ಮಾಡುತ್ತೆ ನೋಡು. ನಮ್ಮ ಕರೆಂಟ್ 50 ಹರ್ಟ್ಸ್, ಹಂಗಾಗಿ ಹಳೇ ಚೋಕ್ ಇರೋ ಟ್ಯೂಬ್ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗುತ್ತೆ. ನಮ್ಮ ಕಣ್ಣಿಗೆ ಗೊತ್ತಾಗಲ್ಲ, ಸೆನ್ಸರ್‌ಗೆ ಗೊತ್ತಾಗುತ್ತೆ. ಬೆಳಕು ಇಳಿಯೋ ಹೊತ್ತಿಗೆ ಸರಿಯಾಗಿ ಪೆಲೆಟ್ ಬಂದರೆ ಗಡಿಯಾರ ಮೊದಲೇ ಶುರು ಆಗಿ ವೇಗ ಕಮ್ಮಿ ತೋರಿಸುತ್ತೆ, ಇಲ್ಲ ಮೊದಲೇ ನಿಂತು ಜಾಸ್ತಿ ತೋರಿಸುತ್ತೆ. ನಿನ್ನ 203, 88 ಎರಡೂ ಅದೇ ಸಂತಾನ. ಅಗ್ಗದ ಎಲ್‌ಇಡಿ ಬಲ್ಬ್‌ಗಳೂ ಹೀಗೇ ಮಿಣುಕುತ್ತವೆ, ಅವನ್ನ ನಂಬಬೇಡ. ಹಳೇ ಕಾಲದ 100 ವ್ಯಾಟ್ ತಂತಿ ಬಲ್ಬ್ ಎರಡು ಸಿಕ್ಕಿದರೆ ಒಂದೊಂದು ತಟ್ಟೆ ಮೇಲೆ ಒಂದೊಂದು ನೇತಾಕು. ಅದರ ತಂತಿ ಬಿಸಿಯಾಗಿಯೇ ಇರೋದರಿಂದ ಬೆಳಕು ಅಷ್ಟು ಏರಿಳಿಯಲ್ಲ. ಅದಿಲ್ಲ ಅಂದರೆ 12 ವೋಲ್ಟ್ ಬ್ಯಾಟರಿಗೆ ನೇರವಾಗಿ ಎಲ್‌ಇಡಿ ಪಟ್ಟಿ ಹಾಕು. ಬ್ಯಾಟರಿ ಕರೆಂಟ್‌ನಲ್ಲಿ ಮಿಣುಕು ಇಲ್ಲವೇ ಇಲ್ಲ.

ಬಿಸಿಲಿನ ವಿಷಯ. ಬೆಳಕು ಜಾಸ್ತಿ ಇದ್ದರೆ ಒಳ್ಳೇದು ಅಂತ ಎಲ್ಲರೂ ಅಂದುಕೊಳ್ತಾರೆ. ನೆತ್ತಿ ಮೇಲಿನ ಬಿಸಿಲು ಕೆಳಗಿನ ಕಾಂಕ್ರೀಟ್‌ಗೆ ಬಡಿದು ಮೇಲಕ್ಕೆ ಬರುತ್ತೆ, ಸೀಸದ ಪೆಲೆಟ್‌ನ ಹೊಟ್ಟೆ ಫಳಕ್ ಅಂತ ಹೊಳೆಯುತ್ತೆ. ನೆರಳು ಬೀಳಬೇಕಾದ ಜಾಗದಲ್ಲಿ ಹೊಳಪು ಬಿದ್ದರೆ ಮೆಷಿನ್ ಏನು ಓದಬೇಕು ಹೇಳು? ಬೆಳಗ್ಗೆ, ಸಂಜೆ ಸೂರ್ಯ ಓರೆಯಾಗಿದ್ದಾಗ ತಟ್ಟೆಯ ಅಡಿಯಿಂದ ನುಗ್ಗಿ ನೇರವಾಗಿ ಸೆನ್ಸರ್ ಕಣ್ಣಿಗೆ ಹೊಡೆಯುತ್ತೆ, ಆಗಲೂ ಎರರ್. ಮೋಡ ಮುಚ್ಚಿದ ದಿನವೇ ಇದಕ್ಕೆ ಹಬ್ಬ. ಬಳ್ಳಾರಿಯಲ್ಲಿ ಅಂಥ ದಿನ ಕಾಯ್ತಾ ಕೂತರೆ ಆಗಲ್ಲ, ಅದಕ್ಕೆ ಇಡೀ ಮೆಷಿನ್ ಮೇಲೆ ಒಂದು ಬಿಳಿ ಪಂಚೆ ಚಪ್ಪರದ ಥರ ಕಟ್ಟು, ಕೆಳಗೆ ಕಪ್ಪು ಬಟ್ಟೆ ಹಾಸು. ಹೊಳೆಯೋ ಪೆಲೆಟ್‌ಗೆ ಕಪ್ಪು ಮಾರ್ಕರ್ ಬಳಿಯೋರೂ ಇದ್ದಾರೆ, ಕೆಲಸ ಮಾಡುತ್ತೆ.

9 ವೋಲ್ಟ್ ಚೌಕ ಬ್ಯಾಟರಿ ಹೊಸದು ಹಾಕು. ಇಸ್ಕೊಂಡು ಬಂದ ಮೆಷಿನ್‌ನಲ್ಲಿ ಯಾವ ಕಾಲದ ಬ್ಯಾಟರಿ ಇದೆಯೋ.

---

ಗಂಗಾವತಿ_ಸುಮಕ್ಕ

ಮಲ್ಲಣ್ಣನವರು ಬೆಳಕಿನ ಬಗ್ಗೆ ಹೇಳಿದ್ದು ಸರಿ. ನಾನು ಇಡೋ ರೀತಿ ಬಗ್ಗೆ ಹೇಳ್ತೀನಿ, ಯಾಕಂದರೆ ನಿಂತುಕೊಂಡು ಹೊಡೆದೆ ಅಂತ ಓದಿದ ತಕ್ಷಣ ನನಗೆ ಎದೆ ಧಸಕ್ ಅಂತು. ಪರರ ಕ್ರೋನೋ ಅದು, ಒಂದು ಪೆಲೆಟ್ ಕೆಳಗೆ ಹೋದರೆ ಸೆನ್ಸರ್ ಗಾಜು ಪುಡಿ. ನಮ್ಮ ಮಕ್ಕಳಿಗೆ ನಾನು ಕ್ರೋನೋ ಹಾಕೋ ದಿನ ನಿಲ್ಲೋಕೆ ಬಿಡೋದೇ ಇಲ್ಲ. ಬೆಂಚ್ ಮೇಲೆ ಮರಳಿನ ಚೀಲ, ಅದರ ಮೇಲೆ ರೈಫಲ್, ಕೂತು ಹೊಡೀಬೇಕು. ಅಳೀತಾ ಇರೋದು ರೈಫಲ್‌ನ, ನಿನ್ನನ್ನಲ್ಲ.

ಜೋಡಿಸೋದಕ್ಕೆ ದಾರ ಸಾಕು. ಗಾರೆ ಕೆಲಸದವರು ಕಟ್ಟಡಕ್ಕೆ ಹಿಡಿಯೋ ಹಸಿರು ದಾರ ಇದೆಯಲ್ಲ, ಅದು. ರೈಫಲ್ ಚೀಲದ ಮೇಲೆ ಕೂರಿಸಿ ಟಾರ್ಗೆಟ್‌ಗೆ ಗುರಿ ಇಟ್ಟು ಹಂಗೇ ಬಿಡು. ಬ್ಯಾರಲ್ ತುದಿಯ ಎತ್ತರದಿಂದ ಟಾರ್ಗೆಟ್ ನಡುಭಾಗಕ್ಕೆ ದಾರ ಎಳೆದು ಬಿಗಿ ಮಾಡು. ಈಗ ಟ್ರೈಪಾಡ್ ತಂದು, ದಾರ ಎರಡೂ ಸೆನ್ಸರ್‌ನ ನಡುಭಾಗದ ನೇರಕ್ಕೆ, ಗಾಜಿನಿಂದ 10-15 ಸೆಂ.ಮೀ ಮೇಲೆ ಹೋಗೋ ಹಾಗೆ ಏರಿಸಿ ಇಳಿಸಿ ನಿಲ್ಲಿಸು. ಮುಂದಿನ ಸೆನ್ಸರ್ ಹತ್ತಿರ ದಾರ ಎಷ್ಟು ಎತ್ತರ ಇದೆಯೋ ಹಿಂದಿನದರ ಹತ್ತಿರವೂ ಅಷ್ಟೇ ಇರಬೇಕು, ಸ್ಕೇಲ್ ಹಿಡಿದು ನೋಡು. ಮೆಷಿನ್ 10 ಡಿಗ್ರಿ ವಾಲಿದರೆ ರೀಡಿಂಗ್ ಒಂದೂವರೆ ಪರ್ಸೆಂಟ್ ಕಮ್ಮಿ ತೋರಿಸುತ್ತೆ, 170 ಇರೋದು 167 ಹತ್ತಿರ ಹೋಗುತ್ತೆ. ಅದೂ ಎಲ್ಲಾ ಶಾಟ್‌ಗೂ ಒಂದೇ ಥರ ಕಮ್ಮಿ ಆಗೋದರಿಂದ ನಿಮಗೆ ಅನುಮಾನವೇ ಬರಲ್ಲ. ಜೋಡಿಸಿದ ಮೇಲೆ ದಾರ ತೆಗೆಯೋದು ಮರೀಬೇಡ ಮತ್ತೆ.

ಒಂದು ಅಡಿ ದೂರ ಕಮ್ಮಿ ಆಯ್ತು. ಬ್ಯಾರಲ್ ಬಾಯಿಂದ ಹೊರಗೆ ಬರೋ ಗಾಳಿ ಬೀಸು ಟ್ರೈಪಾಡ್‌ನ ಅಲ್ಲಾಡಿಸುತ್ತೆ. ಒಂದು ಮೀಟರ್ ಬಿಡು. ಮದ್ದಿನ ಪಾಯಿಂಟ್ 22 ರೈಫಲ್ ಆದರೆ 3 ಮೀಟರ್ ಬಿಡಬೇಕು, ಇಲ್ಲ ಅಂದರೆ ಸುಡದೇ ಉಳಿದ ಮದ್ದಿನ ಕಣ, ಹೊಗೆ ಎಲ್ಲಾ ಗುಂಡಿಗಿಂತ ಮುಂಚೆ ಸೆನ್ಸರ್ ದಾಟಿ ಗಡಿಯಾರ ಶುರು ಮಾಡಿಬಿಡುತ್ತೆ.

ಮತ್ತೆ ಇದೆಲ್ಲಾ ಮಾಡೋವಾಗ ನೀನು ಫೈರಿಂಗ್ ಲೈನ್ ದಾಟಿ ಮುಂದೆ ಹೋಗ್ತೀಯ. ರೇಂಜ್ ಆಫೀಸರ್ ಎಲ್ಲರದೂ ನಿಲ್ಲಿಸಿ, ಎಲ್ಲಾ ರೈಫಲ್ ಖಾಲಿ ಮಾಡಿಸಿ, ಬ್ಯಾರಲ್‌ನಲ್ಲಿ ಸೇಫ್ಟಿ ಫ್ಲ್ಯಾಗ್ (ರೈಫಲ್ ಖಾಲಿ ಅಂತ ತೋರಿಸೋ ಬಣ್ಣದ ಗುರುತು) ಕಂಡ ಮೇಲೇನೇ ಹೆಜ್ಜೆ ಇಡಬೇಕು. ನಿನ್ನ ರೈಫಲ್‌ಗೂ ಫ್ಲ್ಯಾಗ್. "ಒಂದೇ ನಿಮಿಷ ಅಣ್ಣ, ಸ್ವಲ್ಪ ಸರಿಸಿ ಬರ್ತೀನಿ" ಅಂತ ಓಡೋರನ್ನ ನಾನು ಸೀದಾ ಮನೆಗೆ ಕಳಿಸ್ತೀನಿ. ರೇಂಜ್ ಬಿಟ್ಟು ಕಾಂಪೌಂಡ್‌ನಲ್ಲಿ ಹೊಡೆಯೋದಂತೂ ಬೇಡ ಮಾರಾಯ, ಅನುಮತಿ ಇದ್ದರೂ ಬೇಡ.

---

ಬಿಸಿಲೂರು_77 (ರಾಯಚೂರು)

ಇಷ್ಟೆಲ್ಲಾ ದಾರ, ಪಂಚೆ, ಬಲ್ಬು ಯಾಕೆ ಬ್ರೋ. ಈಗ ರಾಡಾರ್ ಬಂದಿದೆ. ಗಾರ್ಮಿನ್‌ನವರದ್ದು ಕೈಯಲ್ಲಿ ಹಿಡಿಯೋ ಅಷ್ಟಿದೆ, 2023ರಲ್ಲಿ ಬಂದಿದ್ದು. ಪಕ್ಕದಲ್ಲಿ ಇಟ್ಟರೆ ಆಯ್ತು, ಮುಂದೆ ಹೋಗೋದೇ ಬೇಡ, ಬೆಳಕಿನ ತಾಪತ್ರಯ ಇಲ್ಲ, ಹೊಡೆದು ಒಡೆಯೋ ಭಯ ಇಲ್ಲ, ಲೆಕ್ಕ ಫೋನ್‌ಗೇ ಬರುತ್ತೆ.

ಇನ್ನು ಬಿಸಿಲಿನ ಬಗ್ಗೆ ಒಂದು ಮಾತು. ನಮ್ಮ ಕಡೆ ಏಪ್ರಿಲ್-ಮೇ ಬಂದರೆ 42-43 ಡಿಗ್ರಿ ಮಾಮೂಲು, ಗೊತ್ತಲ್ಲ. ಹಳೇ ಕ್ರೋನೋದ ಡಿಸ್‌ಪ್ಲೇ ಬಿಸಿಲಿಗೆ ಇಟ್ಟರೆ ಪೂರ್ತಿ ಕಪ್ಪಾಗಿ ಹೋಗುತ್ತೆ, ಕೆಟ್ಟಿತು ಅಂತ ಗಾಬರಿ ಬೀಳಬೇಡಿ, ನೆರಳಿಗೆ ತಂದರೆ ವಾಪಸ್ ಬರುತ್ತೆ. ಕಾರ್ಬನ್ ಡೈಆಕ್ಸೈಡ್ ಪಿಸ್ತೂಲ್ ಇರೋರು ಬೇಸಿಗೆಯಲ್ಲಿ ತೆಗೆದ ರೀಡಿಂಗ್‌ನ ಚಳಿಗಾಲದ್ದರ ಜೊತೆ ಹೋಲಿಸಲೇಬೇಡಿ. ಆ ಗ್ಯಾಸ್ ಒತ್ತಡ 20 ಡಿಗ್ರಿಯಲ್ಲಿ 57 ಬಾರ್ ಆಸುಪಾಸು, 30ಕ್ಕೆ 72. 31 ಡಿಗ್ರಿ ದಾಟಿದ ಮೇಲೆ ಕ್ಯಾಪ್ಸೂಲ್ ಒಳಗೆ ದ್ರವ ಅನ್ನೋದೇ ಉಳಿಯಲ್ಲ, ಒತ್ತಡ ಇನ್ನೂ ಏರುತ್ತೆ. ಜಾಸ್ತಿ ಆದರೆ ವಾಲ್ವ್ ತೆರೆಯೋಕೇ ಆಗದೆ ಪಿಸ್ತೂಲ್ ಸುಮ್ನೆ ಟಕ್ ಅಂದು ಕೂತುಬಿಡುತ್ತೆ. ಗಾಳಿ ತುಂಬೋ ರೈಫಲ್‌ಗೆ ಇಷ್ಟು ತೊಂದರೆ ಇಲ್ಲ. ಆದರೆ ಸಿಲಿಂಡರ್ ತುಂಬಿದ ತಕ್ಷಣ ಮುಟ್ಟಿ ನೋಡಿ, ಬೆಚ್ಚಗಿರುತ್ತೆ. ತಣ್ಣಗಾದ ಮೇಲೆ ಒತ್ತಡ ತೋರಿಸೋ ಮುಳ್ಳು ಇಳಿದಿರುತ್ತೆ. ಅದು ಲೀಕ್ ಅಲ್ಲ.

---

ಮೀಟರ್_ಮಲ್ಲಣ್ಣ (ತೋರಣಗಲ್ಲು)

@ಬಿಸಿಲೂರು_77 ರಾಡಾರ್ ಒಳ್ಳೇದೇ, ಇಲ್ಲ ಅಂದಿಲ್ಲ. ಆದರೆ ಆ ಹುಡುಗ ಸರ್ವಿಸ್ ಖರ್ಚಿಗೇ ಯೋಚನೆ ಮಾಡ್ತಿದ್ದಾನೆ, ನೀವು ಅದಕ್ಕಿಂತ ದುಬಾರಿ ವಸ್ತು ತಗೋ ಅಂತೀರಿ. ಒಂದು ಸಲ ರೈಫಲ್ ಪರೀಕ್ಷೆ ಮಾಡೋಕೆ ಅದು ಬೇಕಾ? ಬಾಡಿಗೆ ಸೈಕಲ್‌ನಲ್ಲಿ ಮುಗಿಯೋ ಕೆಲಸಕ್ಕೆ ಲಾರಿ ಕೊಂಡ ಹಾಗಾಗುತ್ತೆ. ಬೆಟ್ಟಿಂಗ್ ಕಟ್ಟಬೇಕಾದರೆ ಕಟ್ಟಿ, ಆಪ್ಟಿಕಲ್ ಮೆಷಿನ್‌ನ ಸರಿಯಾಗಿ ಇಟ್ಟರೆ ಇವನ ಪ್ರಶ್ನೆಗೆ ಉತ್ತರ ಸಿಕ್ಕೇ ಸಿಗುತ್ತೆ.

ಬ್ಯಾರಲ್ ತುದಿಗೆ ಸಿಕ್ಕಿಸೋ ಸಣ್ಣ ಕೊಳವೆ ಥರದ್ದೂ ಬರುತ್ತೆ, ಅದರ ಒಳಗೇ ಇನ್‌ಫ್ರಾರೆಡ್ ಬೆಳಕು ಇರುತ್ತೆ, ಟ್ಯೂಬ್‌ಲೈಟ್ ಕಾಟ ಇಲ್ಲ. ಆದರೆ ಅದರಲ್ಲಿ ಸೆನ್ಸರ್‌ಗಳು ತುಂಬಾ ಹತ್ತಿರ ಹತ್ತಿರ. 10 ಸೆಂ.ಮೀ ಅಂತರ ಅಂದುಕೊಳ್ಳಿ. ಪೆಲೆಟ್‌ನ ಮೂಗು ಎಲ್ಲಿ ಸಿಕ್ಕಿತು ಅನ್ನೋದರಲ್ಲಿ ಒಂದೇ ಒಂದು ಮಿ.ಮೀ ಹೆಚ್ಚುಕಮ್ಮಿ ಆದರೂ 1 ಪರ್ಸೆಂಟ್ ಹೋಯ್ತು, ಅಂದರೆ 1.7 ಮೀಟರ್. 30 ಸೆಂ.ಮೀ ಅಂತರದ ಮೆಷಿನ್‌ನಲ್ಲಿ ಅದೇ ಒಂದು ಮಿ.ಮೀ ಬರೀ 0.6 ಮೀಟರ್ ಆಗುತ್ತೆ. ಅದಕ್ಕೇ ಹೇಳೋದು, 169, 170, 171 ಅಂತ ಬಂದರೆ ರೈಫಲ್ ಏರುಪೇರು ಅಂತ ತಲೆ ಕೆಡಿಸಿಕೊಳ್ಳೋದು ಬೇಡ. ಅಷ್ಟು ಮೆಷಿನ್‌ದೇ ಇರಬಹುದು.

ಸ್ಪ್ರಿಂಗ್ ರೈಫಲ್ ಲೆಕ್ಕ ಯಾರೂ ಹೇಳಿಲ್ಲ, ಹೇಳಿಬಿಡ್ತೀನಿ. ಪೆಲೆಟ್ ತೂಕ ಗ್ರಾಂನಲ್ಲಿ, ವೇಗ ಮೀಟರ್‌ನಲ್ಲಿ. ತೂಕ ಗುಣಿಸು ವೇಗ ಗುಣಿಸು ವೇಗ, ಭಾಗಿಸು 2000. ಬರೋದು ಜೂಲ್. ಮ್ಯಾಚ್ ಪೆಲೆಟ್ 0.53 ಗ್ರಾಂ, ವೇಗ 170, ಹಾಕಿದರೆ ಏಳೂವರೆ ಜೂಲ್ ಚಿಲ್ಲರೆ ಬರುತ್ತೆ. ಮ್ಯಾಚ್ ರೈಫಲ್‌ಗಳೆಲ್ಲ ಇಷ್ಟರ ಆಸುಪಾಸಿನಲ್ಲೇ ಇರ್ತವೆ. ಇನ್ನು ಬಾಕ್ಸ್ ಮೇಲಿನ 1000 ಎಫ್‌ಪಿಎಸ್ ಅಂದರೆ 305 ಮೀಟರ್. ಅದನ್ನ 0.53ರ ಜೊತೆ ಹಾಕಿದರೆ 24 ಜೂಲ್ ದಾಟುತ್ತೆ, ಗಾಬರಿ ಆಗುತ್ತೆ. ಆದರೆ ಆ ನಂಬರ್ ಬರಿಸೋಕೆ ಕಂಪನಿಗಳು ಸಾಮಾನ್ಯವಾಗಿ ಹಗುರ ಅಲಾಯ್ ಪೆಲೆಟ್ ಹಾಕ್ತಾರೆ. 0.35 ಗ್ರಾಂ ಅಂತ ಹಾಕಿ ನೋಡಿ, 16 ಚಿಲ್ಲರೆ ಬರುತ್ತೆ. ಅದೇ ರೈಫಲ್ ಸೀಸದ 0.53 ಪೆಲೆಟ್‌ನ 250 ಮೀಟರ್ ಆಸುಪಾಸಿನಲ್ಲಿ ಎಸೆದರೂ 16 ಚಿಲ್ಲರೆಯೇ. ಬಾಕ್ಸ್ ನಂಬರ್ ಜಂಬಕ್ಕೆ, ಅಳೆದು ನೋಡಿದ್ದೇ ನಿಜ.

ಪೆಲೆಟ್ ತೂಕ ಡಬ್ಬಿ ಮೇಲೆ ಇರುತ್ತೆ. ನಂಬಿಕೆ ಇಲ್ಲ ಅಂದರೆ ಪರಿಚಯದ ಬಂಗಾರದ ಅಂಗಡಿಯಲ್ಲಿ 10 ಪೆಲೆಟ್ ಒಟ್ಟಿಗೆ ತೂಗಿಸಿ ಹತ್ತರಿಂದ ಭಾಗಿಸಿ. ಬ್ರೇಸ್‌ಲೆಟ್ ತೂಗೋ ಹೊತ್ತಲ್ಲಿ ಹೋಗಬೇಡಿ, ಬೈತಾರೆ.

---

ಕಿನ್ನಾಳ_ಗೊಂಬೆ (ಕೊಪ್ಪಳ)

ಸ್ಪ್ರಿಂಗ್ ರೈಫಲ್ ಬಗ್ಗೆ ಇನ್ನೊಂದು. ಹೊಸದಾಗಿದ್ದರೆ ಈಗಲೇ ಅಳೆಯೋಕೆ ಹೋಗಬೇಡಿ. ಒಳಗೆ ಫ್ಯಾಕ್ಟರಿ ಎಣ್ಣೆ ಇರುತ್ತೆ, ಪಿಸ್ಟನ್ ಗಾಳಿ ಒತ್ತಿದಾಗ ಆ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತೆ, ಥೇಟ್ ಡೀಸೆಲ್ ಎಂಜಿನ್ ಕೆಲಸ. ಬ್ಯಾರಲ್‌ನಿಂದ ಹೊಗೆ, ಸುಟ್ಟ ವಾಸನೆ, ಸದ್ದು ಜೋರು, ವೇಗ ಸಿಕ್ಕಾಪಟ್ಟೆ ಜಾಸ್ತಿ. ಆ ಶಾಟ್ ನೋಡಿ 20 ಜೂಲ್ ದಾಟಿತು ಅಂತಲೂ ಹೆದರಬೇಡಿ, ನನ್ನದು ಭಾರೀ ಪವರ್ ಅಂತಲೂ ಕುಣಿಯಬೇಡಿ. ಕೆಲವು ನೂರು ಪೆಲೆಟ್ ಹೋಗಲಿ, ಹೊಗೆ ನಿಲ್ಲಲಿ, ಆಮೇಲೆ ಅಳೆಯಿರಿ. ಕೆಲವರು ಪವರ್ ಬರಲಿ ಅಂತ ಬೇಕಂತಲೇ ಎಣ್ಣೆ ಬಿಡ್ತಾರೆ, ಸೀಲ್ ಸುಟ್ಟು ಹೋಗುತ್ತೆ, ಸ್ಪ್ರಿಂಗ್ ಮುರಿಯುತ್ತೆ.

2016ರ ಆರ್ಮ್ಸ್ ರೂಲ್ಸ್ ಪ್ರಕಾರ ಜೂಲ್ ಜೊತೆಗೆ ಬೋರ್ (ಬ್ಯಾರಲ್ ಒಳಗಿನ ತೂತಿನ ಅಳತೆ) ಕೂಡ ನೋಡ್ತಾರೆ. 4.5 ಮಿ.ಮೀ, ಅಂದರೆ ಪಾಯಿಂಟ್ 177. ದೊಡ್ಡ ಬೋರ್ ಆದರೆ ಜೂಲ್ ಕಮ್ಮಿ ಇದ್ದರೂ ಲೈಸೆನ್ಸ್ ಬೇಕು. ನಿಮ್ಮ ಅಣ್ಣತಮ್ಮಂದು ಯಾವುದು ನೋಡ್ಕೊಳ್ಳಿ. ಬಿಲ್ ಜೋಪಾನ.

---

ಕೌಲ್‌ಬಜಾರ್_ಶೂಟರ್ (ಬಳ್ಳಾರಿ)

ಎಲ್ಲರಿಗೂ ಥ್ಯಾಂಕ್ಸ್. ಸುಮಕ್ಕ, ಬೈದಿದ್ದು ಸರಿಯಾಗಿಯೇ ಇದೆ, ಕಾಂಪೌಂಡ್ ಕಡೆ ಇನ್ನು ತಲೆ ಹಾಕಲ್ಲ.

ತಂತಿ ಬಲ್ಬ್ ಬ್ರೂಸ್‌ಪೇಟೆ ಕಡೆ ಒಂದು ಹಳೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಕ್ಕಿತು, "ಕೋಳಿ ಮರಿಗಾ?" ಅಂತ ಕೇಳಿದರು. ರೇಂಜ್ ಮುಚ್ಚೋ ಹೊತ್ತಿಗೆ ಆಫೀಸರ್‌ನ ಜೊತೆಗೇ ನಿಲ್ಲಿಸಿಕೊಂಡು, ಟ್ಯೂಬ್‌ಲೈಟ್ ಎಲ್ಲಾ ಆರಿಸಿ, ಬೆಂಚ್, ಮರಳು ಚೀಲ, ದಾರ, ಒಂದು ಮೀಟರ್ ದೂರ, ಹೊಸ ಬ್ಯಾಟರಿ, ಎಲ್ಲಾ ಹೇಳಿದ ಹಾಗೇ ಮಾಡಿದೆ. ಎರರ್ ಒಂದೂ ಇಲ್ಲ! ರೈಫಲ್ ಹಿಂದಿನ ರಾತ್ರಿಯಿಂದ ಮುಟ್ಟಿರಲಿಲ್ಲ. ಸಿಲಿಂಡರ್ ಮುಳ್ಳು 160 ಬಾರ್‌ನಲ್ಲಿತ್ತು. ಬಂದಿದ್ದು ಇದು:

176, 173, 171, 170, 170, 169, 171, 170, 169, 170.

ಆಮೇಲೆ ಚಹಾ ಕುಡಿದು ಬಂದು ಮತ್ತೆ ಹೊಡೆದೆ:

175, 172, 170, 170, 169.

ಇದು ಮೆಷಿನ್ ಆಟವಾ ಅಥವಾ ರೈಫಲ್ ನಿಜವಾಗಲೂ ಮೊದಲ ಶಾಟ್ ಜೋರಾಗಿ ಎಸೀತಾ ಇದೆಯಾ?

---

ಗಂಗಾವತಿ_ಸುಮಕ್ಕ

ಎರಡು ಸಲವೂ ಒಂದೇ ಥರ ಬಂದಿದೆ ಅಂದರೆ ಮೆಷಿನ್ ಅಲ್ಲ ತಮ್ಮಾ. ಇದು ರೆಗ್ಯುಲೇಟರ್ ತೆವಳೋದು. ಕ್ರೀಪ್ ಅಂತಾರೆ.

ಏನಾಗುತ್ತೆ ಅಂದರೆ, ಸಿಲಿಂಡರ್‌ನಲ್ಲಿರೋ 160 ಬಾರ್ ಗಾಳಿಯನ್ನ ರೆಗ್ಯುಲೇಟರ್ ಕಮ್ಮಿ ಒತ್ತಡಕ್ಕೆ ಇಳಿಸಿ ಮುಂದಿನ ಸಣ್ಣ ಕೋಣೆಗೆ ಬಿಡುತ್ತೆ, ಕೋಣೆ ತುಂಬಿದ ಕೂಡಲೇ ಬಾಗಿಲು ಹಾಕಿಕೊಳ್ಳಬೇಕು. ಆ ಬಾಗಿಲಿನ ಸೀಟ್ ಸವೆದಿದ್ದರೆ, ಇಲ್ಲ ಅದರ ಮೇಲೆ ಒಂದು ಕಣ ಧೂಳು ಕೂತಿದ್ದರೆ, ಪೂರ್ತಿ ಮುಚ್ಚಲ್ಲ. ಸುಮ್ನೆ ಇಟ್ಟಾಗ ಗಾಳಿ ಒಂದೊಂದೇ ಚೂರು ಒಳಗೆ ತೂರ್ತಾ ಇರುತ್ತೆ, ಒತ್ತಡ ಏರ್ತಾ ಇರುತ್ತೆ. ಮೊದಲ ಶಾಟ್ ಜೋರಾಗಿ ಹೋಗುತ್ತೆ. ಬೇಗ ಬೇಗ ಹೊಡೆದರೆ ಏರೋಕೆ ಪುರುಸೊತ್ತಿಲ್ಲ, ಅದಕ್ಕೆ 170ರಲ್ಲಿ ನಿಲ್ಲುತ್ತೆ. ನಮ್ಮ ಕಡೆ ಧೂಳು ಕೇಳಬೇಕಾ, ನಿಮ್ಮಲ್ಲಿ ಅದಿರಿನ ಕೆಂಪು ಧೂಳು, ಗಂಗಾವತಿಯಲ್ಲಿ ರೈಸ್ ಮಿಲ್ ತೌಡಿನ ಧೂಳು. ಸಿಲಿಂಡರ್ ಬಿಚ್ಚಿದಾಗಲೆಲ್ಲ ಬಾಯಿಗೆ ಮುಚ್ಚಳ ಹಾಕೋ ಅಭ್ಯಾಸ ಮಾಡ್ಕೋ.

ಆದರೆ ನೀನು ಮಾಡಿದ ಪರೀಕ್ಷೆ ಅರ್ಧ ಆಯ್ತು ಅಷ್ಟೇ. ಮ್ಯಾಚ್‌ನಲ್ಲಿ ನೀನು ಹೀಗೆ ಸಾಲಾಗಿ ಹೊಡೆಯಲ್ಲವಲ್ಲ. 60 ಶಾಟ್‌ಗೆ 75 ನಿಮಿಷ, ಶಾಟ್‌ಗೆ ಒಂದೂಕಾಲು ನಿಮಿಷ. ಫೋನ್‌ನಲ್ಲಿ ಟೈಮರ್ ಇಟ್ಟುಕೊಂಡು ಅಷ್ಟೇ ಅಂತರದಲ್ಲಿ ಒಂದೊಂದು ಹೊಡಿ. ಒಂದು ಶಾಟ್‌ಗೆ ಬೇಕಂತಲೇ ಮೂರು ನಿಮಿಷ ಬಿಡು, ರೈಫಲ್ ಇಳಿಸಿ ಮತ್ತೆ ಎತ್ತಿದಾಗ ಆಗೋ ಹಾಗೆ. ಅದನ್ನ ಹೇಳು, ಆಮೇಲೆ ಮಾತಾಡೋಣ.

---

ಕೌಲ್‌ಬಜಾರ್_ಶೂಟರ್ (ಬಳ್ಳಾರಿ)

ಅಕ್ಕಾ, ಮಾಡಿದೆ. ಒಂದೂಕಾಲು ನಿಮಿಷದ ಅಂತರದಲ್ಲಿ 170ರಿಂದ 172ರ ಒಳಗೇ ಇದೆ. ಮೂರು ನಿಮಿಷ ಬಿಟ್ಟಿದ್ದು 174. ಹಾಗಾದರೆ ಪಕ್ಕದ ಲೇನ್‌ನವರು ಹೇಳಿದ್ದೇ ಸರಿ, ರೆಗ್ಯುಲೇಟರ್‌ದೇ ತಪ್ಪು ಅಲ್ವಾ? ಕೋಚ್‌ಗೆ ತೋರಿಸಿಬಿಡ್ಲಾ?

---

ಮೀಟರ್_ಮಲ್ಲಣ್ಣ (ತೋರಣಗಲ್ಲು)

ತಡಿ ತಡಿ. ಕೋಚ್ ಹತ್ತಿರ ಈಗಲೇ ಹೋಗಬೇಡ, ಲೆಕ್ಕ ಪೂರ್ತಿ ಮಾಡು.

10 ಮೀಟರ್ ಹೋಗೋಕೆ 170ರ ವೇಗದಲ್ಲಿ ಪೆಲೆಟ್‌ಗೆ ಸುಮಾರು 0.059 ಸೆಕೆಂಡ್ ಬೇಕು. ಅಷ್ಟು ಹೊತ್ತಲ್ಲಿ ಅದು ಸುಮಾರು 17 ಮಿ.ಮೀ ಕೆಳಗೆ ಬೀಳುತ್ತೆ. 175 ಆದರೆ 16 ಮಿ.ಮೀ ಬೀಳುತ್ತೆ. ಗಾಳಿ ತಡೆ ಸೇರಿಸಿದರೆ ಎರಡೂ ಸ್ವಲ್ಪ ಜಾಸ್ತಿ ಆಗುತ್ತೆ, ಆದರೆ ನಡುವಿನ ವ್ಯತ್ಯಾಸ ಹೆಚ್ಚುಕಮ್ಮಿ ಒಂದು ಮಿ.ಮೀ. ಅಂದರೆ ನಿನ್ನ ಅತಿ ಜೋರು ಶಾಟ್‌ಗೂ ಮಾಮೂಲಿ ಶಾಟ್‌ಗೂ ಟಾರ್ಗೆಟ್ ಮೇಲೆ ಒಂದು ಮಿ.ಮೀ ವ್ಯತ್ಯಾಸ. ಮ್ಯಾಚ್ ಲಯದಲ್ಲಿ ಹೊಡೆದರೆ ಅರ್ಧ ಮಿ.ಮೀ ಕೂಡ ಇಲ್ಲ.

ನೀನು ಮೊದಲು ಏನು ಬರೆದಿದ್ದೆ? 6 ಮಿ.ಮೀ. ಉಳಿದ ಐದು ಯಾರದ್ದು?

ಹಂಗಂತ ಒಂದು ಮಿ.ಮೀ ಸಣ್ಣದಲ್ಲ. ಏರ್ ರೈಫಲ್ ಟಾರ್ಗೆಟ್‌ನಲ್ಲಿ ಒಂದು ರಿಂಗ್‌ಗೂ ಮುಂದಿನದಕ್ಕೂ 2.5 ಮಿ.ಮೀ, ದಶಮಾಂಶ ಲೆಕ್ಕದಲ್ಲಿ 0.1 ಪಾಯಿಂಟ್ ಅಂದರೆ 0.25 ಮಿ.ಮೀ. ಒಂದು ಮಿ.ಮೀಗೆ 0.4 ಪಾಯಿಂಟ್ ಹೋಯ್ತು. ಮೊನ್ನೆ ಮೊನ್ನೆ ಹೊಡೆಯೋಕೆ ಶುರು ಮಾಡಿದವರಿಗೆ ಅದು ಲೆಕ್ಕಕ್ಕಿಲ್ಲ. ದಶಮಾಂಶದಲ್ಲಿ ಮೇಲೆ ಕೆಳಗೆ ಆಗೋ ಮಟ್ಟಕ್ಕೆ ಬಂದವರಿಗೆ ಅದೇ ಮೆಡಲ್. ರೆಗ್ಯುಲೇಟರ್ ಸರಿ ಮಾಡಿಸಬೇಕು, ಖಂಡಿತ. ಆದರೆ ನಾಳೆಯೇ ಪಾರ್ಸಲ್ ಮಾಡೋ ಅವಸರ ಇಲ್ಲ, ಸೀಸನ್ ಮುಗಿಸಿ ಕಳಿಸು. ಅಲ್ಲಿ ತನಕ ಮ್ಯಾಚ್ ಶಾಟ್ ಶುರು ಮಾಡೋಕೆ ಮುಂಚೆ ಎರಡು ಶಾಟ್ ಸೈಟಿಂಗ್‌ನಲ್ಲೇ (ಲೆಕ್ಕಕ್ಕೆ ಬಾರದ ಪರೀಕ್ಷೆ ಶಾಟ್‌ನಲ್ಲೇ) ಕಳೆದುಬಿಡು, ರೈಫಲ್ ಇಳಿಸಿ ಜಾಸ್ತಿ ಹೊತ್ತು ನಿಂತರೆ ಮುಂದಿನ ಶಾಟ್ ಒಂದು ಕೂದಲಷ್ಟು ಮೇಲೆ ಹೋಗಬಹುದು ಅಂತ ಗೊತ್ತಿರಲಿ.

---

ಬಿಸಿಲೂರು_77 (ರಾಯಚೂರು)

ಮಲ್ಲಣ್ಣ, ಲೆಕ್ಕ ಚೆನ್ನಾಗಿದೆ, ಆದರೆ ಉಳಿದ ಐದೂ ಹುಡುಗನ ತಲೆಗೇ ಕಟ್ಟಬೇಡಿ. ಪೆಲೆಟ್ ಡಬ್ಬಿ ಯಾವುದು ಅಂತ ಯಾರೂ ಕೇಳಲೇ ಇಲ್ಲ. 4.49, 4.50, 4.51 ಅಂತ ತಲೆಯ ಅಳತೆ ಬೇರೆ ಬೇರೆ ಬರುತ್ತೆ, ಬ್ಯಾರಲ್‌ಗೆ ಒಗ್ಗದ ಅಳತೆ ಹಾಕಿದರೆ ವೇಗ ಒಂದೇ ಇದ್ದರೂ ಗ್ರೂಪ್ ಹರಡುತ್ತೆ. ಕ್ರೋನೋ ಅದನ್ನ ಹೇಳೋದೇ ಇಲ್ಲ.

---

ಗಂಗಾವತಿ_ಸುಮಕ್ಕ

ಪೆಲೆಟ್ ಒಗ್ಗದಿದ್ದರೆ ಸುತ್ತಲೂ ಹರಡುತ್ತೆ ಬ್ರದರ್, ಇವನದು ಬರೀ ಮೇಲೆ ಕೆಳಗೆ. ಆದರೂ ಪರೀಕ್ಷೆ ಮಾಡೋದು ಸುಲಭ. ಅದೇ ಬೆಂಚ್, ಅದೇ ಮರಳು ಚೀಲ, ಕ್ರೋನೋ ಪಕ್ಕಕ್ಕಿಡು, ಟಾರ್ಗೆಟ್‌ಗೆ 5 ಶಾಟ್ ಹೊಡಿ. ಆಮೇಲೆ ಡಬ್ಬಿ ಬದಲಿಸಿ ಇನ್ನೈದು. ಬೆಂಚ್ ಮೇಲೆ ಒಂದೇ ತೂತಿನಲ್ಲಿ ಹೋದರೆ ರೈಫಲ್, ಪೆಲೆಟ್ ಎರಡೂ ಬಿಡುಗಡೆ. ನಿಂತಾಗ ಮಾತ್ರ ಉದ್ದ ಆಗ್ತಿದ್ದರೆ ಉಸಿರು, ಇಲ್ಲ ಕೆನ್ನೆ ಊರೋ ಜಾಗ ಪ್ರತಿ ಸಲ ಬದಲಾಗ್ತಿದೆ, ಇಲ್ಲ ಎಡ ಮೊಣಕೈ ಸೊಂಟದ ಮೇಲೆ ಕೂರುವ ಕಡೆ ಜಾರ್ತಿದೆ. ಎತ್ತರದಲ್ಲಿ ಹರಡೋದಕ್ಕೆ ನಾನು ಮೊದಲು ನೋಡೋದು ಮೊಣಕೈನ. ನಿಮ್ಮ ಕೋಚ್ ಉಸಿರು ಅಂದಿದ್ದಾರೆ, ಅವರು ಕಣ್ಣಾರೆ ನೋಡಿದವರು, ಅವರ ಮಾತು ತೆಗೆದು ಹಾಕಬೇಡ. ರೀಡಿಂಗ್ ಚೀಟಿ ತಗೊಂಡು ಹೋಗು, ಆದರೆ ವಾದ ಮಾಡೋಕೆ ಅಲ್ಲ.

---

ಕಿನ್ನಾಳ_ಗೊಂಬೆ (ಕೊಪ್ಪಳ)

ಸರ್ವಿಸ್‌ಗೆ ಕಳಿಸೋವಾಗ ಎರಡು ಮಾತು. ರೆಗ್ಯುಲೇಟರ್‌ನ ಯೂಟ್ಯೂಬ್ ನೋಡಿ ಮನೆಯಲ್ಲಿ ಬಿಚ್ಚಬೇಡಿ, ಒಳಗೆ ಒತ್ತಡ ಉಳಿದಿದ್ದರೆ ಕೈ ಹೋಗುತ್ತೆ. ಸಿಲಿಂಡರ್ ಬಿಚ್ಚಿ, ಖಾಲಿ ಮಾಡಿ, ಆಮೇಲೇ ಪಾರ್ಸಲ್, ಗಾಳಿ ತುಂಬಿದ್ದನ್ನ ಕೊರಿಯರ್‌ನವರು ತಗೊಳ್ಳಲ್ಲ, ತಗೊಳ್ಳಲೂಬಾರದು.

ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ಸಿಲಿಂಡರ್ ಮೇಲೆ ಕೆತ್ತಿರೋ ತಾರೀಖು ನೋಡಿದ್ದೀರಾ? ಮ್ಯಾಚ್ ರೈಫಲ್ ಕಂಪನಿಗಳು ಸಾಮಾನ್ಯವಾಗಿ 10 ವರ್ಷ ಅಂತ ಹೇಳ್ತಾರೆ. ತಾರೀಖು ಮುಗಿದಿಲ್ಲ ಅಂತ ನೋಡ್ಕೊಳ್ಳೋದು ಶೂಟರ್‌ದೇ ಜವಾಬ್ದಾರಿ ಅಂತ ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಸಂಸ್ಥೆ) ನಿಯಮದಲ್ಲೇ ಇದೆ. ದೊಡ್ಡ ಮ್ಯಾಚ್‌ನಲ್ಲಿ ಅಲ್ಲೇ ಹಿಡೀತಾರೆ.

---

ಕೌಲ್‌ಬಜಾರ್_ಶೂಟರ್ (ಬಳ್ಳಾರಿ)

ತಾರೀಖು ಈಗ ನೋಡಿದೆ, ಇನ್ನೂ ಎರಡು ವರ್ಷ ಇದೆ, ಸದ್ಯ ಬದುಕಿದೆ. ಬೆಂಚ್ ಮೇಲೆ ಟಾರ್ಗೆಟ್ ಹೊಡೆದು ಭಾನುವಾರ ಹಾಕ್ತೀನಿ. ಕ್ರೋನೋ ವಾಪಸ್ ಕೊಡೋದು ಸೋಮವಾರ, ಅಷ್ಟರೊಳಗೆ ಚಿಕ್ಕಪ್ಪನ ಮಗನ ರೈಫಲ್‌ನೂ ಅಳೀಬೇಕು. ಅವನದು ಇನ್ನೂ ಹೊಗೆ ಬಿಡ್ತಾ ಇದೆ, ಈ ವಾರ ಆಗಲ್ಲ ಅನ್ಸುತ್ತೆ. ಬಳ್ಳಾರಿ ಕಡೆ ಯಾರ ಹತ್ತಿರವಾದರೂ ಮುಂದಿನ ತಿಂಗಳು ಒಂದು ದಿನದ ಮಟ್ಟಿಗೆ ಕ್ರೋನೋ ಸಿಗುತ್ತಾ?

---

ಮೀಟರ್_ಮಲ್ಲಣ್ಣ (ತೋರಣಗಲ್ಲು)

ನನ್ನದಿದೆ. ಶಿಫ್ಟ್ ನೋಡ್ಕೊಂಡು ಮೆಸೇಜ್ ಹಾಕ್ತೀನಿ. ಬಲ್ಬ್ ನೀನೇ ತಗೊಂಡು ಬಾ.